ಸ್ಥಳೀಯ ಗಿಡಗಳ ತೋಟ ಸರಿ, ಅದರ ಜೊತೆಗೆ ಲೈಬ್ರರಿ ಯಾಕೆ?

ನೀವು ಕೇಳಿರೋದು, ಗಿಡ ನೋಡೋಕೆ ಬರೋ ಜನಕ್ಕೆ ತೋಟ ಸಾಕಲ್ವಾ, ಹಳೇ ಪುಸ್ತಕ ತುಂಬಿರೋ ಲೈಬ್ರರಿಗೆ ಯಾಕೆ ದುಡ್ಡು ಸುರೀಬೇಕು ಅಂತ. ನಾನು ಬಾಟನಿ ಓದಿದೋನಲ್ಲ, ಗಿಡದ ಹುಚ್ಚು ಇರೋನು, ಆದ್ರೂ ಆ ಲೈಬ್ರರಿ ಬೇಕೇ ಬೇಕು ಅಂತೀನಿ.

ಲಂಟಾನ ಪೊದೆ ಗೊತ್ತಲ್ಲ, ಬೇಲಿ ತುಂಬಾ ಬಣ್ಣಬಣ್ಣದ ಹೂವು, ಮೇಲೆ ಚಿಟ್ಟೆಗಳು. ಚಿಕ್ಕಂದಿನಿಂದ ನೋಡಿ ನೋಡಿ ಅದು ಇಲ್ಲಿದೇ ಗಿಡ ಅಂತ್ಲೇ ನಂಬಿದ್ದೆ. ಅದು ಅಮೆರಿಕ ಖಂಡದ ಬಿಸಿಲು ನಾಡುಗಳದ್ದು, ಅಂದಕ್ಕೆ ಅಂತ ತೋಟಗಳಿಗೆ ತಂದಿದ್ದು ಆಮೇಲೆ ಕಾಡಿಗೆ ನುಗ್ಗಿದ್ದು ಅಂತ ಗೊತ್ತಾಗಿದ್ದು ಇಂಥದ್ದೇ ಒಂದು ಲೈಬ್ರರಿಲಿ ಕೂತು ಓದಿದಾಗ. ಯಾವುದು ಇಲ್ಲಿದು ಯಾವುದು ಹೊರಗಿಂದು ಅನ್ನೋದು ಕಣ್ಣಿಗೆ ಕಾಣಲ್ಲ, ಹಿಂದಿನೋರು ಬರೆದಿಟ್ಟಿದ್ದನ್ನ ನೋಡ್ಬೇಕು. ಒಣಗಿಸಿ ಹಾಳೆಗೆ ಅಂಟಿಸಿದ ಗಿಡಗಳ ಸಂಗ್ರಹ ಇರುತ್ತಲ್ಲ, ಹರ್ಬೇರಿಯಂ, ಅದರ ಒಂದೊಂದು ಹಾಳೆ ಮೇಲೂ ಎಲ್ಲಿ, ಯಾವತ್ತು, ಯಾರು ಕಿತ್ತಿದ್ದು ಅಂತ ಇರುತ್ತೆ, ಹಂಗಾಗಿ ನೂರು ವರ್ಷದ ಹಿಂದೆ ಅಲ್ಲಿ ಏನು ಬೆಳೀತಿತ್ತು, ಯಾವ ತಿಂಗಳು ಹೂ ಬಿಡ್ತಿತ್ತು ಅಂತ ಇವತ್ತಿನದಕ್ಕೆ ಹೋಲಿಸಿ ನೋಡ್ಬಹುದು. ಲಂಡನ್ನಿನ ಕ್ಯೂ ಗಾರ್ಡನ್ಸಲ್ಲಿ ಇಂಥವು ಸುಮಾರು 70 ಲಕ್ಷ ಇವೆ.

ಹಳೇ ಪುಸ್ತಕ ಎಸೆಯದೇ ಇರೋದಕ್ಕೆ ಇನ್ನೊಂದು ಕಾರಣ, ಗಿಡಕ್ಕೆ ಎರಡು ವೈಜ್ಞಾನಿಕ ಹೆಸರು ಬಿದ್ದಿದ್ರೆ ಸಾಮಾನ್ಯವಾಗಿ ಮೊದಲು ಅಚ್ಚಾಗಿದ್ದೇ ಗೆಲ್ಲೋದು, ಆ ಲೆಕ್ಕ ಶುರುವಾಗೋದು ಲಿನೇಯಸ್ ಅನ್ನೋ ಸ್ವೀಡನ್ನಿನ ಸಸ್ಯವಿಜ್ಞಾನಿ 1753ರಲ್ಲಿ ಪ್ರಕಟಿಸಿದ ಪುಸ್ತಕದಿಂದ. ಅಂದ್ರೆ ತೋಟದಲ್ಲಿ ಗಿಡದ ಬುಡದಲ್ಲಿರೋ ಆ ಪುಟ್ಟ ಬೋರ್ಡಿನ ಹೆಸರು ಸರಿ ಇದ್ಯಾ ಅಂತ ನೋಡೋಕೂ ಇನ್ನೂರೈವತ್ತು ವರ್ಷ ಹಿಂದಕ್ಕೆ ಹೋಗ್ಬೇಕಾಗ್ಬಹುದು.

ಹಂಗಂತ ತೋಟ ಕಮ್ಮಿ ಅಂತಲ್ಲ. ದಕ್ಷಿಣ ಆಫ್ರಿಕಾದ ಕರ್ಸ್ಟನ್‌ಬಾಷ್ ತೋಟ 1913ರಲ್ಲಿ ಶುರುವಾಗಿದ್ದೇ ಆ ನೆಲದ ಗಿಡಗಳಿಗೋಸ್ಕರ. ಮೊನಾರ್ಕ್ ಚಿಟ್ಟೆ ಮರಿಹುಳಕ್ಕೆ ಎಕ್ಕದ ಕುಟುಂಬದ ಮಿಲ್ಕ್‌ವೀಡ್ ಬಿಟ್ರೆ ಬೇರೆ ಊಟ ಇಲ್ಲ ಅಂತ ಪುಸ್ತಕದಲ್ಲಿ ಓದೋದೇ ಬೇರೆ, ಮಗು ಆ ಎಲೆ ತಿರುಗಿಸಿ ಹುಳ ನೋಡೋದೇ ಬೇರೆ, ನೋಡಿದ ಮಗು ಹತ್ತು ಪ್ರಶ್ನೆ ಕೇಳುತ್ತೆ, ಆ ಪ್ರಶ್ನೆಗೇ ಲೈಬ್ರರಿ ಇರ್ಬೇಕಾಗಿರೋದು. ಬಾಗಿಲು ಹಾಕಿ ಸಂಶೋಧಕರಿಗೆ ಮಾತ್ರ ಅಂತ ಇಟ್ಕೊಂಡ್ರೆ ನನಗೆ ನಿಜವಾಗ್ಲೂ ಬೇಜಾರಾಗುತ್ತೆ.

ಹತ್ರದಲ್ಲಿ ಯಾವುದೂ ಇಲ್ಲ ಅಂದ್ರೆ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಅಂತ ಆನ್‌ಲೈನಲ್ಲಿ ಇದೆ, ಸ್ಕ್ಯಾನ್ ಮಾಡಿರೋ ಹಳೇ ಪುಸ್ತಕಗಳ 6 ಕೋಟಿಗೂ ಜಾಸ್ತಿ ಪುಟ, ಎಲ್ಲಾ ಫ್ರೀ. ಇದ್ರೆ ಫೋನ್ ಮಾಡಿ ಹೋಗಿ, ಎಷ್ಟೋ ಕಡೆ ಮೊದಲೇ ಹೇಳಿದ್ರೆ ಒಳಗೆ ಬಿಡ್ತಾರೆ. ಹೋಗುವಾಗ ಗಿಡದ ಒಂದೇ ಫೋಟೋ ಸಾಲಲ್ಲ, ಹೂವು, ಎಲೆಯ ಹಿಂಭಾಗ, ಎಲೆ ಕಡ್ಡಿಗೆ ಸೇರೋ ಜಾಗ, ಕಾಯಿ ಇದ್ರೆ ಕಾಯಿ, ಎಲ್ಲಾ ತೆಕ್ಕೊಂಡು ಹೋಗಿ, ಅಲ್ಲಿರೋರಿಗೆ ಹೆಸರು ಹಿಡಿಯೋಕೆ ಅದೇ ಬೇಕಾಗೋದು.