ಪ್ರತಿಕ್ರಿಯೆ: ಮನೆಯಲ್ಲಿ ಹುಟ್ಟಿದ ಆರು ವರ್ಷದ ಮಗುವಿಗೆ ಜನನ ಪ್ರಮಾಣಪತ್ರ

ನಿಮ್ಮ ತಂಗಿಯ ಮಗ ಅಜ್ಜಿಯ ಹಳ್ಳಿಯಲ್ಲಿ, ಮನೆಯಲ್ಲೇ ಹುಟ್ಟಿದ, ನೋಂದಣಿ ಆಗಿಲ್ಲ, ಈಗ ಮೈಸೂರಿನಲ್ಲಿ ಮಾಡಿಸಬಹುದೇ ಎಂದು ಕೇಳಿದ್ದೀರಿ. ಆಗುವುದಿಲ್ಲ. ಜನನ ಎಲ್ಲಿ ಸಂಭವಿಸಿತೋ ಅಲ್ಲಿನ ನೋಂದಣಾಧಿಕಾರಿಯೇ ನೋಂದಾಯಿಸಬೇಕು. ಎಷ್ಟೋ ಜನ ವಾಸದ ಊರಿನಲ್ಲಿ ಅರ್ಜಿ ಕೊಟ್ಟು ತಿಂಗಳುಗಟ್ಟಲೆ ಅಲೆಯುವುದು ಇದೊಂದೇ ಕಾರಣಕ್ಕೆ.

ಮೊದಲು ಹಳ್ಳಿಯ ದಾಖಲೆ ಹುಡುಕಿಸಿ. ಆಶಾ ಕಾರ್ಯಕರ್ತೆಯ ವರದಿಯ ಮೇಲೆ ನೋಂದಣಿ ಆಗಿದ್ದು, ನಿಮಗೆ ಗೊತ್ತಿಲ್ಲದೆಯೂ ಇರಬಹುದು. ಸಿಗದಿದ್ದರೆ ನಮೂನೆ 10ರಲ್ಲಿ ಅಲಭ್ಯ ಪ್ರಮಾಣಪತ್ರ (ದಾಖಲೆ ಇಲ್ಲವೆಂಬ ಪತ್ರ) ಪಡೆಯಿರಿ.

ಜನನವಾಗಿ ಒಂದು ವರ್ಷ ದಾಟಿದ್ದರಿಂದ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಮೊದಲು ಇದಕ್ಕೆ ಕೋರ್ಟಿಗೆ ಹೋಗಬೇಕಿತ್ತು. 1969ರ ಜನನ-ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾಗಿ, ಅದೇ ವರ್ಷದ ಅಕ್ಟೋಬರ್ 1ರಿಂದ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರೇ ಪರಿಶೀಲಿಸಿ ಆದೇಶಿಸುತ್ತಾರೆ. ಆ ಆದೇಶ, ವಿಳಂಬ ಶುಲ್ಕ ಕೊಟ್ಟ ಮೇಲೆ ನೋಂದಣಿ.

ಪುರಾವೆಯಲ್ಲಿ ಬಲವಾದದ್ದು ಹುಟ್ಟಿದ ಕಾಲದಲ್ಲೇ ಬರೆದ ಕಾಗದ: ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡ್, ಲಸಿಕೆ ದಾಖಲೆ, ಅಂಗನವಾಡಿ ರಿಜಿಸ್ಟರಿನ ದೃಢೀಕೃತ ಪ್ರತಿ. ಆಧಾರ್ ಗುರುತಿಗೆ ಸರಿ, ಜನ್ಮದಿನಾಂಕಕ್ಕೆ ಅದನ್ನೇ ನೆಚ್ಚಬೇಡಿ. ತಂದೆ-ತಾಯಿಯ ಹೆಸರಿನ ಇನಿಷಿಯಲ್, ಕಾಗುಣಿತ ಎಲ್ಲ ಕಡೆ ಒಂದೇ ಇರಲಿ; ಅರ್ಜಿಗಳು ಹೆಚ್ಚಾಗಿ ಮುಗ್ಗರಿಸುವುದು ಇಲ್ಲೇ. ಮಗುವಿನ ಹೆಸರನ್ನೂ ಈಗಲೇ ಸೇರಿಸಿಬಿಡಿ.

ಜನನ ಪ್ರಮಾಣಪತ್ರವಿಲ್ಲವೆಂದು ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 14ನೇ ಸೆಕ್ಷನ್ ತೋರಿಸಿ. ಮಗು ಶಾಲೆಗೆ ಹೋಗುತ್ತಿರಲಿ, ಕಾಗದದ ಕೆಲಸ ಜೊತೆಗೇ ನಡೆಯಲಿ.