ಸೀಸನ್ ನೋಡಿ ಪದವಿ ಆರಿಸಿ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಶಹಾಪುರದ ಹತ್ತಿ ಜಿನ್ನಿಂಗ್ ಗಿರಣಿಯಲ್ಲಿ ಬಿಲ್ ಬರೆಯುತ್ತೀರಿ, ವಯಸ್ಸು 32, ಕನ್ನಡ ಮಾಧ್ಯಮದಲ್ಲಿ ಕಲಾ ವಿಭಾಗದ ಪಿಯುಸಿ ಮುಗಿಸಿ ಹದಿನಾಲ್ಕು ವರ್ಷವಾಗಿದೆ, ಕೆಲಸ ಬಿಡುವಂತಿಲ್ಲ. ಸರ್ಕಾರಿ ಹುದ್ದೆಗೆ ಅರ್ಜಿ ಹಾಕಲು ಪದವಿ ಬೇಕು. ಬಿಎ, ಬಿಕಾಂ, ಬಿಸಿಎ ಮೂರರಲ್ಲಿ ಯಾವುದು? ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯವೋ, ಕೇಂದ್ರದ ಮುಕ್ತ ವಿಶ್ವವಿದ್ಯಾಲಯವಾದ ಇಗ್ನೋವೋ, ‘ಒಂದೇ ವರ್ಷದಲ್ಲಿ ಮಾಡಿಸಿಕೊಡುತ್ತೇನೆ’ ಎನ್ನುವ ಏಜೆಂಟನೋ? ಇಷ್ಟು ನಿಮ್ಮ ಪ್ರಶ್ನೆ.

ನಿಮಗಿಂತ ಹದಿಮೂರು ವರ್ಷ ದೊಡ್ಡವನು ನಾನು. ಆದರೂ ನಮ್ಮ ಕಡೆಯ ರೂಢಿಯಂತೆ ಅಕ್ಕ ಎಂದೇ ಕರೆಯುತ್ತೇನೆ. ಕಲಬುರಗಿಯ ಗಂಜಿನಲ್ಲಿ, ಅಂದರೆ ಧಾನ್ಯದ ಸಗಟು ಪೇಟೆಯಲ್ಲಿ, ದಾಲ್ ಮಿಲ್ಲೊಂದರ ಲೆಕ್ಕ ಬರೆಯುವವನು. 34ನೇ ವಯಸ್ಸಿನಲ್ಲಿ ಇಗ್ನೋದ ಬಿಕಾಂಗೆ ಸೇರಿ 38ಕ್ಕೆ ಮುಗಿಸಿದೆ. ಮೂರು ವರ್ಷದ ಓದಿಗೆ ನಾಲ್ಕು ವರ್ಷ ಹಿಡಿಯಿತು. ಆ ಹೆಚ್ಚಿನ ಒಂದು ವರ್ಷ ಎಲ್ಲಿ ಹೋಯಿತು ಎಂಬುದೇ ನಿಮಗೆ ಹೇಳಬೇಕಾದ ಮುಖ್ಯ ಮಾತು, ಅಕ್ಕ. ಅದಕ್ಕೆ ಮೊದಲು ಏಜೆಂಟನ ಲೆಕ್ಕ ಚುಕ್ತಾ ಮಾಡಿಬಿಡೋಣ.

2009ರಲ್ಲಿ ನಾನೂ ಅಂಥವನೊಬ್ಬನ ಬಳಿ ಹೋಗಿದ್ದೆ. ಮೊಬೈಲ್ ಅಂಗಡಿಯ ಮೇಲಿನ ಒಂದು ಕೋಣೆ, ಗೋಡೆಯ ತುಂಬ ಕಪ್ಪು ಗೌನು ತೊಟ್ಟು ನಗುವವರ ಫೋಟೊಗಳು, ಮೇಜಿನ ಮೇಲೆ ಬೇರೆ ರಾಜ್ಯದ ವಿಶ್ವವಿದ್ಯಾಲಯವೊಂದರ ಬಣ್ಣದ ಪುಸ್ತಿಕೆ. ಒಂಬತ್ತು ಸಾವಿರ ಕೊಟ್ಟೆ. ರಸೀದಿಯಲ್ಲಿ ವಿಶ್ವವಿದ್ಯಾಲಯದ ಹೆಸರೇ ಇರಲಿಲ್ಲ. ‘ಸೇವಾ ಶುಲ್ಕ’ ಎಂದಷ್ಟೇ ಇತ್ತು. ದಿನಕ್ಕೆ ಐವತ್ತು ರಸೀದಿ ಹರಿಯುವ ನನಗೇ ಅದು ಕಣ್ಣಿಗೆ ಬೀಳಲಿಲ್ಲ. ಮುಂದಿನ ಯುಗಾದಿಯ ಹೊತ್ತಿಗೆ ಆ ಕೋಣೆಯಲ್ಲಿ ಬಳೆ ಅಂಗಡಿ ನಡೆಯುತ್ತಿತ್ತು. ಸಿಟ್ಟಿನಲ್ಲಿ ಐದು ವರ್ಷ ಓದಿನ ಸುದ್ದಿಗೇ ಹೋಗಲಿಲ್ಲ. ದುಡ್ಡಿಗಿಂತ ಆ ಐದು ವರ್ಷ ದೊಡ್ಡ ನಷ್ಟ.

ಮೂರು ವರ್ಷದ ಪದವಿಯನ್ನು ಒಂದು ವರ್ಷದಲ್ಲಿ ಕೊಡುವ ದಾರಿ ಕಾನೂನಿನಲ್ಲಿ ಇಲ್ಲ. ಹಿಂದಿನ ದಿನಾಂಕ ಹಾಕಿ ಕೊಡುತ್ತಾರೆ ಎಂದರೆ ಅದು ಸುಳ್ಳು ಕಾಗದ. ನೇಮಕಾತಿಯಲ್ಲಿ ದಾಖಲೆ ಪರಿಶೀಲನೆಯ ದಿನ ಕೆಲಸದ ಜೊತೆ ಮಾನವೂ ಹೋಗುತ್ತದೆ. ಇನ್ನೊಂದು ವಿಷಯ. ನಮ್ಮ ಭಾಗದವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ, ಆಸ್ಪತ್ರೆಗೂ ಬಟ್ಟೆಗೂ ಅತ್ತಲೇ ಓಡುತ್ತೇವೆ. ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯ 1982ರಲ್ಲಿ ಶುರುವಾದದ್ದೂ ಅಲ್ಲಿಯೇ. ಹಾಗೆಂದು ಬೇರೆ ರಾಜ್ಯದ ವಿಶ್ವವಿದ್ಯಾಲಯದ ದೂರಶಿಕ್ಷಣ ಕೇಂದ್ರ ನಮ್ಮೂರಿನಲ್ಲಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ರಾಜ್ಯ ವಿಶ್ವವಿದ್ಯಾಲಯಗಳು ತಮ್ಮ ರಾಜ್ಯದ ಗಡಿ ದಾಟಿ ಕೇಂದ್ರ ನಡೆಸುವಂತಿಲ್ಲ.

ಮಾನ್ಯತೆ ನೋಡುವ ಜಾಗ, ವಿಶ್ವವಿದ್ಯಾಲಯಗಳ ಮೇಲುಸ್ತುವಾರಿ ನೋಡುವ ಯುಜಿಸಿಯ ದೂರಶಿಕ್ಷಣ ಬ್ಯೂರೊ, ಅಂದರೆ ಡಿಇಬಿಯ ಜಾಲತಾಣ. ವಿಶ್ವವಿದ್ಯಾಲಯದ ಹೆಸರು ಅಲ್ಲಿದ್ದರೆ ಸಾಲದು. ನೀವು ಸೇರುವ ವರ್ಷಕ್ಕೆ, ನೀವು ಸೇರುವ ಕೋರ್ಸಿಗೆ ಅನುಮತಿ ಇದೆಯೇ ಎಂದು ನೋಡಬೇಕು. ವರ್ಷದ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ರಾಜ್ಯದ್ದೇ ಆದ, ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2012–13ರ ನಂತರ ಮಾನ್ಯತೆ ಇಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಿಸಿತು. 2018–19ರಿಂದ ಮತ್ತೆ ಕೊಟ್ಟಿತು. ಈಗ ಅಲ್ಲಿ ಸೇರಲು ಅಂಜಬೇಕಿಲ್ಲ, ಕಲಬುರಗಿಯಲ್ಲಿಯೇ ಪ್ರಾದೇಶಿಕ ಕೇಂದ್ರವೂ ಇದೆ. ನೋಡದೆ ಮಾತ್ರ ಸೇರಬೇಡಿ, ಅಷ್ಟೇ. ಮಾನ್ಯತೆ ಇರುವ ಕಡೆ ದೂರಶಿಕ್ಷಣದಲ್ಲಿ ಪಡೆದ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಯುಜಿಸಿ 2022ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ‘ಕರೆಸ್ಪಾಂಡೆನ್ಸ್ ಪದವಿಗೆ ಕಿಮ್ಮತ್ತಿಲ್ಲ’ ಎಂದು ಮೂಗು ಮುರಿಯುವ ಬಂಧುಗಳಿಗೆ ಇದನ್ನು ತೋರಿಸಿ.

ಈಗ ಆ ಒಂದು ವರ್ಷದ ಕಥೆ.

ಇಗ್ನೋದಲ್ಲಿ ವರ್ಷಕ್ಕೆ ಎರಡು ಪರೀಕ್ಷೆ, ಜೂನ್ ಮತ್ತು ಡಿಸೆಂಬರ್. ನಾನು ಸೇರಿದ್ದು 2014ರ ಜುಲೈಯಲ್ಲಿ, ಮೊದಲ ಪರೀಕ್ಷೆ 2015ರ ಜೂನ್. ಎರಡು ಪತ್ರಿಕೆ ಹೋದವು, ಡಿಸೆಂಬರಿಗೆ ಬರೆದರಾಯಿತು ಎಂದುಕೊಂಡೆ. ಆ ವರ್ಷ ನಿಮಗೆ ನೆನಪಿರಬಹುದು, ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು. ಅಕ್ಟೋಬರಿನಲ್ಲಿ ಸರ್ಕಾರ ದಾಸ್ತಾನಿಗೆ ಮಿತಿ ಹಾಕಿತು, ಗೋದಾಮುಗಳ ಮೇಲೆ ದಾಳಿ ಶುರುವಾಯಿತು, ನಮ್ಮ ಮಾಲೀಕರು ದಿನಕ್ಕೆ ಮೂರು ಸಲ ದಾಸ್ತಾನು ಪುಸ್ತಕ ತೆರೆಸಿ ನೋಡುತ್ತಿದ್ದರು. ಡಿಸೆಂಬರಿನಲ್ಲಿ ಹೊಸ ತೊಗರಿ ಬರತೊಡಗಿತು. ಬೆಳಿಗ್ಗೆ ಐದಕ್ಕೇ ಗಂಜಿನ ದಾರಿಯಲ್ಲಿ ಲಾರಿಗಳ ಸಾಲು. ಪರೀಕ್ಷೆಯ ದಿನ ಹಾಲ್ ಟಿಕೆಟ್ ಜೇಬಿನಲ್ಲಿತ್ತು. ಹನ್ನೊಂದರವರೆಗೆ ತೂಕದ ಚೀಟಿಗೆ ಸಹಿ ಹಾಕಿ ಹೊರಡುವುದೆಂದು ಲೆಕ್ಕ ಹಾಕಿದ್ದೆ. ಹನ್ನೊಂದು ಒಂದಾಯಿತು, ಒಂದು ಮೂರಾಯಿತು. ಸಂಜೆ ಅಂಗಿ ಕೊಡವಿದಾಗ ಬೇಳೆಯ ಧೂಳಿನ ಜೊತೆ ಹಾಲ್ ಟಿಕೆಟೂ ಬಿತ್ತು. ಮಡಿಕೆಯಲ್ಲಿ ಬೆವರಿಗೆ ನನ್ನ ಫೋಟೊ ಕರಗಿತ್ತು.

ಮಾಲೀಕರದ್ದು ತಪ್ಪಿಲ್ಲ, ವಿಶ್ವವಿದ್ಯಾಲಯದ್ದೂ ತಪ್ಪಿಲ್ಲ. ತೊಗರಿ ಡಿಸೆಂಬರಿಗೆ ಬರುತ್ತದೆ ಎಂಬುದು ಕಲಬುರಗಿಯ ಹಸುಗೂಸಿಗೂ ಗೊತ್ತು. ಅದನ್ನು ನನ್ನ ಓದಿನ ಲೆಕ್ಕಕ್ಕೆ ಹಿಡಿಯದೆ ಇದ್ದವನು ನಾನೇ, ಅದೂ ಲೆಕ್ಕ ಬರೆಯುವವನು! ಆಮೇಲೆ ಡಿಸೆಂಬರನ್ನು ಮರೆತೇಬಿಟ್ಟೆ. ಏಪ್ರಿಲಿನಲ್ಲಿ ಮಿಲ್ಲಿನ ಕೆಲಸ ತಗ್ಗುತ್ತದೆ. ಏಪ್ರಿಲ್, ಮೇ ಎರಡು ತಿಂಗಳು ತಾರಸಿಯ ಮೇಲೆ ನೀರು ಚಿಮುಕಿಸಿ, ಚಾಪೆ ಹಾಸಿ ಓದಿ, ಪ್ರತಿ ಜೂನಿಗೆ ಬರೆದೆ.

ನಿಮ್ಮ ಜಿನ್ನಿಂಗ್ ಸೀಸನ್ನೂ ಹೆಚ್ಚು ಕಡಿಮೆ ನಮ್ಮದೇ. ನವೆಂಬರಿನಿಂದ ಮಾರ್ಚಿನವರೆಗೆ ನೀವು ರಾತ್ರಿ ಪುಸ್ತಕ ಹಿಡಿದರೂ ಎರಡನೇ ಪುಟಕ್ಕೆ ನಿದ್ದೆ ಬರುತ್ತದೆ. ಹಾಗಾಗಿ ಯಾವ ವಿಶ್ವವಿದ್ಯಾಲಯವಾದರೂ ಮೊದಲು ಕೇಳಬೇಕಾದ ಪ್ರಶ್ನೆ ಇದು: ಪರೀಕ್ಷೆ ಯಾವ ತಿಂಗಳು, ತಪ್ಪಿದರೆ ಮುಂದಿನ ಅವಕಾಶ ಯಾವಾಗ, ಒಟ್ಟು ಎಷ್ಟು ವರ್ಷದೊಳಗೆ ಮುಗಿಸಬೇಕು. ಇಗ್ನೋದಲ್ಲಿ ಡಿಸೆಂಬರಿಗೆ ಬಿಟ್ಟ ಪತ್ರಿಕೆಯನ್ನು ಜೂನಿನಲ್ಲಿ ಬರೆಯಬಹುದು, ಮೂರು ವರ್ಷದ ಪದವಿಗೆ ಆರು ವರ್ಷದ ಗಡುವು ಇದೆ. ಅದೇ ಪ್ರಶ್ನೆಯನ್ನು ಮುಕ್ತ ವಿಶ್ವವಿದ್ಯಾನಿಲಯದ ಕಲಬುರಗಿ ಕೇಂದ್ರದಲ್ಲಿ ಕೂತು ಕೇಳಿ. ಫೋನಿನಲ್ಲಿ ಬೇಡ, ಖುದ್ದಾಗಿ ಹೋಗಿ. ಶಕ್ತಿ ಯೋಜನೆ ಇರುವುದರಿಂದ ನಿಮಗೆ ಬಸ್ಸಿನ ಖರ್ಚೂ ಇಲ್ಲ.

ಗಂಟೆಯ ಲೆಕ್ಕವನ್ನೂ ಹಾಕಿಕೊಳ್ಳಿ. ಇಗ್ನೋದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು. ಮೂರು ವರ್ಷದ ಪದವಿಗೆ 120 ಕ್ರೆಡಿಟ್ ಎಂದು ಹಿಡಿದರೆ ವರ್ಷಕ್ಕೆ 1,200 ಗಂಟೆ, ದಿನಕ್ಕೆ ಮೂರೂಕಾಲು ಗಂಟೆ. ಸೀಸನ್ನಿನ ನಾಲ್ಕೈದು ತಿಂಗಳು ಕಳೆದರೆ ಉಳಿದ ದಿನಗಳಲ್ಲಿ ಐದು ಗಂಟೆಯಾಗುತ್ತದೆ. ಯಾರೂ ಅಷ್ಟು ಓದುವುದಿಲ್ಲ, ನಾನೂ ಓದಲಿಲ್ಲ. ಆದರೆ ‘ಪರೀಕ್ಷೆಗೆ ಒಂದು ವಾರ ಮೊದಲು ಗೈಡ್ ತಿರುವಿದರೆ ಸಾಕು’ ಎನ್ನುವವರ ಮಾತು ಕೇಳುವ ಮುನ್ನ ಈ ಅಂಕಿ ತಲೆಯಲ್ಲಿರಲಿ.

ಇನ್ನು ವಿಷಯ. ಪ್ರಥಮ ದರ್ಜೆ ಸಹಾಯಕ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಇಂಥ ಹುದ್ದೆಗಳಿಗೆ ಯಾವುದಾದರೂ ಪದವಿ ಸಾಕು. ಬಿಕಾಂ ಆದವರಿಗೆ ಹೆಚ್ಚು ಅಂಕವೇನೂ ಕೊಡುವುದಿಲ್ಲ. ಸಂವಿಧಾನದ 371(ಜೆ) ವಿಧಿಯ ಅಡಿ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಗ್ರೂಪ್ ‘ಸಿ’ ಹುದ್ದೆಗಳಲ್ಲಿ ಶೇ 80ರಷ್ಟು ಸ್ಥಳೀಯರಿಗೆ ಮೀಸಲು, ಅದು ನಿಮಗೆ ದೊಡ್ಡ ಅನುಕೂಲ. ಕಷ್ಟವಿರುವುದು ವಯಸ್ಸಿನಲ್ಲಿ. ನೇರ ನೇಮಕಾತಿಗೆ ಸಾಮಾನ್ಯವಾಗಿ ಗರಿಷ್ಠ ವಯಸ್ಸು ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟರಿಗೂ ಪ್ರವರ್ಗ–1ಕ್ಕೂ 40. ಸರ್ಕಾರ ಆಗಾಗ ಒಂದಿಷ್ಟು ಸಡಿಲಿಕೆ ಕೊಡುತ್ತದೆ, ಅದನ್ನೇ ನೆಚ್ಚಿ ಕೂರಲಾಗದು. ಇಂದು ಸೇರಿದರೆ ನಿಮಗೆ ಪದವಿ 35ಕ್ಕೆ, ಒಂದು ವರ್ಷ ನನ್ನಂತೆ ಕಳೆದುಕೊಂಡರೆ 36ಕ್ಕೆ. ನೀವು ಯಾವ ವರ್ಗಕ್ಕೆ ಸೇರಿದವರೋ ಬರೆದಿಲ್ಲ, ಬರೆಯಬೇಕಾಗಿಯೂ ಇಲ್ಲ. ಈ ಮೂರು ಅಂಕಿಗಳ ಎದುರು ನಿಮ್ಮ ಜನ್ಮದಿನಾಂಕ ಇಟ್ಟು ನೋಡಿ. ಗಡುವು ಹತ್ತಿರವಿದ್ದರೆ, ತಡೆಯಿಲ್ಲದೆ ಮುಗಿಯುವ ಪದವಿಯೇ ನಿಮಗೆ ಒಳ್ಳೆಯ ಪದವಿ.

ಅದು ನನ್ನ ಪ್ರಕಾರ ಬಿಎ, ಮೈಸೂರಿನದ್ದು, ಕನ್ನಡ ಮಾಧ್ಯಮದಲ್ಲಿ. ಇಗ್ನೋದ ಪುಸ್ತಕ ಬಹುಮಟ್ಟಿಗೆ ಇಂಗ್ಲಿಷ್ ಇಲ್ಲವೇ ಹಿಂದಿ. ನಾನೂ ಕನ್ನಡ ಮಾಧ್ಯಮದವನೇ. ಮೊದಲ ವರ್ಷ ಅಕೌಂಟೆನ್ಸಿ ಪುಸ್ತಕದಲ್ಲಿ ‘ಡಿಪ್ರಿಸಿಯೇಷನ್’ ಎಂಬ ಅಧ್ಯಾಯದ ಮುಂದೆ ಮೂರು ರಾತ್ರಿ ಕೂತಿದ್ದೇನೆ. ನಾಲ್ಕನೇ ದಿನ ಮಿಲ್ಲಿನ ಹಳೆಯ ಖಾತೆ ಪುಸ್ತಕದಲ್ಲಿ ನನ್ನದೇ ಕೈಬರಹದಲ್ಲಿ ‘ಯಂತ್ರದ ಸವಕಳಿ’ ಎಂಬ ಸಾಲು ಕಂಡಿತು. ಹತ್ತು ವರ್ಷದಿಂದ ಪ್ರತಿ ಮಾರ್ಚಿಗೆ ಅದನ್ನೇ ಬರೆಯುತ್ತಿದ್ದೆ. ಗೊತ್ತಿದ್ದುದನ್ನೇ ಇಂಗ್ಲಿಷಿನಲ್ಲಿ ಮತ್ತೊಮ್ಮೆ ಕಲಿಯಲು ಎಷ್ಟು ಹೊತ್ತು ಬೇಕು ಎಂಬುದಕ್ಕೆ ಈ ಮೂರು ರಾತ್ರಿಗಳೇ ಸಾಕ್ಷಿ.

ಸರ್ಕಾರಿ ಹುದ್ದೆಯ ಆಸೆ ಅರ್ಧ ಮನಸ್ಸಿನದಾಗಿದ್ದು, ಗಿರಣಿಯಲ್ಲೇ ಬಿಲ್ಲಿನಿಂದ ಅಕೌಂಟ್ಸಿಗೆ ಹೋಗುವ ಇರಾದೆ ಇದ್ದರೆ ಬಿಕಾಂ ಮಾಡಿ. ಪಿಯುಸಿಯಲ್ಲಿ ಕಲಾ ವಿಭಾಗ ಓದಿದವರನ್ನೂ ಇಗ್ನೋ ಬಿಕಾಂಗೆ ಸೇರಿಸಿಕೊಳ್ಳುತ್ತದೆ. ನನಗೆ ಪದವಿಯಿಂದ ಸಂಬಳ ದೊಡ್ಡದಾಗಿ ಏರಲಿಲ್ಲ, ನಿಜ ಹೇಳಬೇಕಲ್ಲ. ಆದರೆ ಆಡಿಟರ್ ಬಂದಾಗ ಈಗ ಮಾಲೀಕರು ನನ್ನನ್ನು ಹೊರಗೆ ನಿಲ್ಲಿಸುವುದಿಲ್ಲ, ಪಕ್ಕದ ಕುರ್ಚಿ ತೋರಿಸುತ್ತಾರೆ. ಬಿಸಿಎ ಬೇಡ. ಅದಕ್ಕೆ ಕಂಪ್ಯೂಟರ್ ಪ್ರಯೋಗಾಲಯದ ಹಾಜರಿ ಕಡ್ಡಾಯ. ಶಹಾಪುರದಿಂದ ಬಂದು ಹೋಗಿ ಹಾಜರಿ ತುಂಬಿಸುವಷ್ಟು ರಜೆ ನಿಮ್ಮ ಗಿರಣಿ ಕೊಡುವುದಿಲ್ಲ.

ಅಸೈನ್‌ಮೆಂಟ್ ಬಗ್ಗೆ ಒಂದು ಮಾತು. ನನ್ನ ಕಾಲದಲ್ಲಿ ಅದಕ್ಕೆ ಶೇ 30, ಪರೀಕ್ಷೆಗೆ ಶೇ 70 ಅಂಕ, ಎರಡರಲ್ಲೂ ಬೇರೆ ಬೇರೆಯಾಗಿ ಪಾಸಾಗಬೇಕಿತ್ತು. ಜೂನ್ ಪರೀಕ್ಷೆಯವರು ಮಾರ್ಚ್ 31ರೊಳಗೆ ಕೊಡಬೇಕಿತ್ತು. ಲೆಕ್ಕ ಬರೆಯುವವನಿಗೆ ಮಾರ್ಚ್ 31 ಎಂದರೆ ಏನೆಂದು ನಿಮಗೆ ಹೇಳಬೇಕಿಲ್ಲ. ಅದಕ್ಕೇ ನಾನು ದಸರೆ, ದೀಪಾವಳಿಯ ರಜೆಯಲ್ಲೇ ಕೈಯಲ್ಲಿ ಬರೆದು ಮುಗಿಸಿ, ಕೊಡುವ ಮುನ್ನ ಝೆರಾಕ್ಸ್ ಮಾಡಿಸಿ, ಸ್ವೀಕೃತಿ ಚೀಟಿಯನ್ನು ಅದಕ್ಕೆ ಪಿನ್ ಹೊಡೆದು ಇಡುತ್ತಿದ್ದೆ. ಹಾಗೆ ಇಟ್ಟಿದ್ದ ಚೀಟಿ ಒಮ್ಮೆ ನನ್ನನ್ನು ಉಳಿಸಿತು.

ಪ್ರವೇಶಕ್ಕೆ ಮೊದಲು ಮಾಡಬೇಕಾದ ಇನ್ನೊಂದು ಕೆಲಸವನ್ನು ಜನ ಕೊನೆಗೆ ಇಟ್ಟುಕೊಂಡು ಪರದಾಡುತ್ತಾರೆ. ಈಗ ದೂರಶಿಕ್ಷಣಕ್ಕೆ ಸೇರಲು ಡಿಇಬಿ ಐಡಿ ಬೇಕು, ಅದಕ್ಕೆ ಮೊದಲು ಎಬಿಸಿ ಐಡಿ, ಅಂದರೆ ನಿಮ್ಮ ಕ್ರೆಡಿಟ್‌ಗಳು ಜಮೆಯಾಗುವ ಖಾತೆಯ ಸಂಖ್ಯೆ ಬೇಕು, ಅದು ಆಧಾರ್ ಮೇಲೆ ನಿಂತಿದೆ. ನನ್ನ ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಶರಣಪ್ಪ, ಆಧಾರಿನಲ್ಲಿ ಶರಣಬಸಪ್ಪ. ಮನೆಯಲ್ಲಿ ಎರಡೂ ಒಬ್ಬನೇ, ಕಂಪ್ಯೂಟರಿಗೆ ಇಬ್ಬರು. ಹೆಣ್ಣುಮಕ್ಕಳಿಗೆ ಮದುವೆಯ ನಂತರ ಅಡ್ಡಹೆಸರು ಬದಲಾಗಿರುತ್ತದೆ, ಇನ್ನೂ ಗೋಜಲು. ಎರಡು ಕಾಗದಗಳನ್ನೂ ಇವತ್ತೇ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ವ್ಯತ್ಯಾಸವಿದ್ದರೆ ಪ್ರವೇಶ ಶುರುವಾಗುವ ಮೊದಲೇ ಆಧಾರ್ ತಿದ್ದಿಸಿ.

ದುಡ್ಡು ಕಟ್ಟುವ ಮುನ್ನ ಒಂದು ಪರೀಕ್ಷೆ ನಿಮಗೆ ನೀವೇ ಕೊಟ್ಟುಕೊಳ್ಳಿ. ಬಿಕಾಂ ಕಡೆ ಮನಸ್ಸಿದ್ದರೆ ಇಗ್ನೋದ ಪುಸ್ತಕಗಳು ಇ-ಜ್ಞಾನಕೋಶ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ, ಒಂದು ಘಟಕವನ್ನು ಮೊಬೈಲಿಗೆ ಇಳಿಸಿಕೊಳ್ಳಿ. ಬಿಎ ಎಂದಾದರೆ ಪರಿಚಯದವರ ಬಳಿ ಒಂದು ಪಠ್ಯಪುಸ್ತಕ ಕಡ ತನ್ನಿ. ಹದಿನೈದು ರಾತ್ರಿ, ರೊಟ್ಟಿ ಊಟವಾದ ಮೇಲೆ ಒಂದೊಂದು ಗಂಟೆ. ಕ್ಯಾಲೆಂಡರಿನಲ್ಲಿ ಓದಿದ ದಿನಕ್ಕೆ ಗೀಟು ಹಾಕುತ್ತ ಹೋಗಿ. ಹತ್ತು ಗೀಟು ದಾಟಿದರೆ ಶುಲ್ಕ ಕಟ್ಟಿ. ದಾಟದಿದ್ದರೆ ಯಾವ ಹೊತ್ತಿನಲ್ಲಿ ಓದು ತಪ್ಪಿತು ಎಂದು ನೋಡಿ, ಹೊತ್ತು ಬದಲಿಸಿ ಮತ್ತೆ ಹದಿನೈದು ದಿನ; ನನಗೆ ರಾತ್ರಿ ಒಗ್ಗದೆ ಕೊನೆಗೆ ಬೆಳಿಗ್ಗೆ ನಾಲ್ಕೂವರೆ ಒಗ್ಗಿತು.

ಗೀಟು ಎಷ್ಟಾಯಿತೆಂದು ಇಲ್ಲಿಯೇ ಬರೆಯಿರಿ, ಅಕ್ಕ. ನಾನು ಉತ್ತರಿಸುವುದು ಭಾನುವಾರ ಮಾತ್ರ. ಉಳಿದ ದಿನ ತೂಕದ ಚೀಟಿಗಳ ನಡುವೆ ಇರುತ್ತೇನೆ.