ಚಪ್ಪಲಿ ಪಟ್ಟಿ ಕಟ್ಟಿದ ಕ್ಯಾನು ಯಾರದು?

ಓದುಗರ ಪತ್ರ: "ನಮ್ಮ ಮನೆ ಹತ್ತಿರ ಕಟ್ಟಡ ಕಾರ್ಮಿಕರ ಶೆಡ್ಡುಗಳಿವೆ. ಆರು ತಿಂಗಳಿಂದ ಅಲ್ಲಿ ಫೋಟೊ ತೆಗೆಯುತ್ತಿದ್ದೇನೆ. ನೋಡಿದವರೆಲ್ಲ ಚೆನ್ನಾಗಿದೆ ಅಂತಾರೆ, ಅಷ್ಟೇ. ಅಲ್ಲಿನ ಕಷ್ಟ ಯಾರಿಗೂ ತಟ್ಟುತ್ತಿಲ್ಲ. ಹನ್ನೆರಡು ಚಿತ್ರ ಕಳಿಸಿದ್ದೇನೆ. ಒಳ್ಳೆಯ ಲೆನ್ಸ್ ತಗೊಂಡರೆ ಸರಿಹೋಗುತ್ತಾ?"

ಸಂಪಾದಕರ ಉತ್ತರ:

ಲೆನ್ಸಿಗೆ ದುಡ್ಡು ಸುರಿಯಬೇಡಿ. ಜೇಬಿನಲ್ಲಿ ಹಿಡಿಸುವಂಥ ಒಂದು ನೋಟ್‌ಬುಕ್ ತಗೊಳ್ಳಿ, ಸಾಕು.

ನಿಮ್ಮ ಚಿತ್ರಗಳನ್ನು ಮೇಜಿನ ಮೇಲೆ ಹರವಿಕೊಂಡು ನೋಡಿದೆ. ಸಂಜೆ ಬೆಳಕು, ಮಕ್ಕಳ ನಗು, ಒಣಹಾಕಿದ ಬಟ್ಟೆ. ಎಲ್ಲ ಚಂದವೇ. ಅದೇ ತೊಂದರೆ, ಚಂದ ಅಂದುಕೊಂಡು ಮುಂದೆ ಹೋಗಿಬಿಡುತ್ತೇವೆ. ಆದರೆ ಏಳನೇ ಚಿತ್ರದಲ್ಲಿ ಕಣ್ಣು ನಿಂತಿತು. ನೀರಿನ ಕ್ಯಾನುಗಳ ಸಾಲು. ಒಂದೊಂದರ ಹಿಡಿಕೆಗೂ ಒಂದೊಂದು ಬಣ್ಣದ ಬಟ್ಟೆಚೂರು. ಕೊನೆಯದಕ್ಕೆ ಮಾತ್ರ ಬಟ್ಟೆ ಇಲ್ಲ, ಹರಿದ ಚಪ್ಪಲಿಯ ಪಟ್ಟಿ ಕಟ್ಟಿದ್ದಾರೆ. ಯಾಕೆ? ಯಾರ ಕ್ಯಾನು ಯಾವುದು ಅಂತ ಗುರುತಿಗಿರಬಹುದು. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಸಾಲು ತಪ್ಪಿದರೆ ಜಗಳವಾಗುತ್ತಾ? ಚಿತ್ರದ ಹಿಂದೆ ನೀವು ಬರೆದಿರುವುದು 'ಬದುಕು' ಅಂತ ಒಂದೇ ಪದ. ಅದನ್ನು ಯಾವ ಚಿತ್ರದ ಹಿಂದೆ ಬೇಕಾದರೂ ಬರೆಯಬಹುದು, ಅಲ್ವಾ?

ಅಮೆರಿಕದ ಫೋಟೊಗ್ರಾಫರ್ ಲೂಯಿಸ್ ಹೈನ್ 1908ರಿಂದ ಬಾಲಕಾರ್ಮಿಕ ಪದ್ಧತಿ ವಿರುದ್ಧ ಹೋರಾಡುತ್ತಿದ್ದ ಸಮಿತಿಯೊಂದಕ್ಕಾಗಿ ಗಿರಣಿ, ಗಣಿಗಳನ್ನು ಸುತ್ತಿದರು. ಮಾಲೀಕರು ಸುಮ್ನೆ ಬಿಟ್ಟುಕೊಳ್ಳುತ್ತಿರಲಿಲ್ಲ. ಬೈಬಲ್ ಮಾರುವವನು, ವಿಮೆ ಏಜೆಂಟ್ ಅಂತೆಲ್ಲ ಹೇಳಿಕೊಂಡು ಒಳಗೆ ಹೋಗುತ್ತಿದ್ದರು. ತಮ್ಮ ಕೋಟಿನ ಯಾವ ಗುಂಡಿ ನೆಲದಿಂದ ಎಷ್ಟು ಎತ್ತರ ಅನ್ನುವುದು ಅವರಿಗೆ ಬಾಯಿಪಾಠ. ಪಕ್ಕದಲ್ಲಿ ನಿಂತ ಮಗು ಯಾವ ಗುಂಡಿಗೆ ಬರುತ್ತದೆ ನೋಡಿ, ಜೇಬೊಳಗೇ ಕೈಯಾಡಿಸಿ ಬರೆದುಕೊಳ್ಳುತ್ತಿದ್ದರು. ನಾರ್ತ್ ಕೆರೊಲಿನಾದ ಹತ್ತಿ ಗಿರಣಿಯ ಒಬ್ಬ ಹುಡುಗಿಯ ಚಿತ್ರದ ಜೊತೆ ಅವರ ಟಿಪ್ಪಣಿ ಇದೆ: ಎತ್ತರ 51 ಇಂಚು, ದಿನಕ್ಕೆ 48 ಸೆಂಟ್, ಕೆಲವೊಮ್ಮೆ ರಾತ್ರಿ ಕೆಲಸ. ವಯಸ್ಸು ಕೇಳಿದರೆ ಮೊದಲು ನೆನಪಿಲ್ಲ ಅಂದಳಂತೆ. ಆಮೇಲೆ ಗುಟ್ಟಾಗಿ, ಕೆಲಸಕ್ಕೆ ಬರುವ ವಯಸ್ಸಲ್ಲ, ಆದರೂ ಮಾಡ್ತೀನಿ ಅಂದಳಂತೆ. ಇಷ್ಟು ಓದಿ ಮತ್ತೆ ಚಿತ್ರ ನೋಡಿ. ಅವಳ ಪಕ್ಕದ ಯಂತ್ರ ಎಷ್ಟು ಉದ್ದ ಅನ್ನುವುದು ಆಗ ಕಾಣುತ್ತದೆ.

ಕೇಳದೆ ಬಿಟ್ಟರೆ ಏನಾಗುತ್ತದೆ ಅಂತಲೂ ಗೊತ್ತಿದೆ. 1936ರಲ್ಲಿ ಕ್ಯಾಲಿಫೋರ್ನಿಯಾದ ಬಟಾಣಿ ಬಿಡಿಸುವವರ ಬಿಡಾರದಲ್ಲಿ ಡೊರೊಥಿಯಾ ಲ್ಯಾಂಗ್ ಒಬ್ಬ ತಾಯಿಯ ಚಿತ್ರ ತೆಗೆದರು. ವಯಸ್ಸು 32 ಅಂತ ಬರೆದುಕೊಂಡರು, ಹೆಸರು ಕೇಳಲಿಲ್ಲ. ಊಟಕ್ಕಾಗಿ ಕಾರಿನ ಟೈರ್ ಮಾರಿದ್ದರು ಅಂತಲೂ ಬರೆದರು. ಹಾಗೇನೂ ಆಗಿರಲಿಲ್ಲ ಅಂತ ಆ ಮನೆಯವರು ಆಮೇಲೆ ಹೇಳಿದರು. ಚಿತ್ರ ಲೋಕವೆಲ್ಲ ಸುತ್ತಿತು. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಹೊರಗೆ ತಿಳಿದದ್ದು 1978ರಲ್ಲಿ. ಅದರಿಂದ ತನಗೆ ಬಿಡಿಗಾಸೂ ಸಿಗಲಿಲ್ಲ ಎಂಬ ಬೇಸರ ಆಕೆಗಿತ್ತು.

ನಾವೇನೂ ಸಾಚಾ ಅಲ್ಲ. ಒಮ್ಮೆ ಒಬ್ಬ ಅಜ್ಜಿಯ ಚಿತ್ರಕ್ಕೆ 'ಹಸಿವು' ಅಂತ ಅಡಿಬರಹ ಹಾಕಿದ್ದೆ. ಅಜ್ಜಿ ಊಟ ಮುಗಿಸಿ ಬಿಸಿಲು ಕಾಯಿಸುತ್ತಾ ಕೂತಿದ್ದರಂತೆ. ಮೊಮ್ಮಗ ಫೋನ್ ಮಾಡಿ ಬೈದ. ಬೈಸಿಕೊಂಡೆ.

ಆರು ತಿಂಗಳು ಜಾಸ್ತಿ ಆಯಿತು ಅನ್ನಬೇಡಿ. ಮಿಲ್ಟನ್ ರೊಗೊವಿನ್ ಅಂತ ಒಬ್ಬರಿದ್ದರು, ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ಕಸುಬು. ಅಮೆರಿಕದ ಬಫಲೊ ನಗರದ ಬಡವರ ಬಡಾವಣೆಗೆ 1972ರಲ್ಲಿ ಕ್ಯಾಮೆರಾ ಹಿಡಿದು ಹೋದವರು, 2000ದ ನಂತರವೂ ಹೋದರು. ಯಾರ ಚಿತ್ರ ತೆಗೆದರೋ ಅವರಿಗೆಲ್ಲ ಪ್ರಿಂಟ್ ಕೊಡುತ್ತಿದ್ದರು. ವರ್ಷಗಟ್ಟಲೆ ಬಿಟ್ಟು ಹೋದರೂ ಅದೇ ಜನ ಮತ್ತೆ ಅವರ ಮುಂದೆ ನಿಂತರು.

ಈ ವಾರ ನೀವು ಕ್ಯಾಮೆರಾ ಮನೆಯಲ್ಲಿಟ್ಟು ಹೋಗಿ. ಪ್ರಿಂಟ್ ಹಾಕಿಸಿ ಅವರವರ ಚಿತ್ರ ಅವರವರಿಗೆ ಕೊಡಿ. ಅಚ್ಚಾಗುವುದು ಬೇಡ ಅಂದವರದ್ದು ನಮಗೂ ಬೇಡ. ಹಾಗೇ ಮಾತಾಡುತ್ತಾ, ಚಪ್ಪಲಿ ಪಟ್ಟಿ ಕಟ್ಟಿದ ಕ್ಯಾನು ಯಾರದು ಅಂತ ಕೇಳಿ. ಅವರು ಹೇಳಿದ್ದನ್ನು ಬರೆದು ಏಳನೆಯದನ್ನು ಮತ್ತೆ ಕಳಿಸಿ. ಉಳಿದ ಹನ್ನೊಂದು ಸದ್ಯಕ್ಕೆ ನಿಮ್ಮ ಹತ್ತಿರವೇ ಇರಲಿ.